ಕೋರ್ಟಿನ ರಜೆಯಲ್ಲಿ ಕಡಲು

ಮೇ 4, ಭಾನುವಾರ

ಕೋರ್ಟಿಗೆ ಬೇಸಿಗೆ ರಜೆ ಶುರುವಾಗಿದೆ. ಪ್ರತಿ ವರ್ಷ ಈ ಹೊತ್ತಿಗೆ ನಾನು ಅಕ್ಕನ ಮನೆಯ ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿರುತ್ತಿದ್ದೆ. ಈ ವರ್ಷ ಒಂದು ಹಾಯಿದೋಣಿಯ ಹೊಟ್ಟೆಯೊಳಗೆ ಮಡಿಸಿಟ್ಟ ಛತ್ರಿಯ ಹಾಗೆ ಕೂತಿದ್ದೇನೆ. ನೆಟ್ಟಗೆ ನಿಂತರೆ ತಲೆಗೆ ಚಾವಣಿ ಬಡಿಯುತ್ತದೆ. “ಜೋಪಾನ, ಮೇಡಂ” ಎಂದು ಅವರು ಹೇಳುತ್ತಾರೆ, ಪ್ರತಿ ಸಲವೂ ಬಡಿದಾದ ಮೇಲೆ.

ಅವರು ಎಂದರೆ ನನ್ನ ಗಂಡ. ಹಾಗೆ ಬರೆಯಲು ಇನ್ನೂ ಕೈ ತಡವರಿಸುತ್ತದೆ. ನಲವತ್ತೇಳನೆಯ ವಯಸ್ಸಿನಲ್ಲಿ, ಈ ಜನವರಿಯಲ್ಲಿ, ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಸರದಿಗೆ ಕಾದು, ರುಜು ಹಾಕಿ ಮದುವೆಯಾದೆ. ಅವರಿಗೆ ಲಿಫ್ಟ್ ರಿಪೇರಿ ಕೆಲಸ. ನಮ್ಮ ಕೋರ್ಟಿನ ಲಿಫ್ಟು ಎರಡು ಮಹಡಿಗಳ ನಡುವೆ ಕೆಟ್ಟು ನಿಂತಾಗ ಒಳಗಿದ್ದವಳು ನಾನೊಬ್ಬಳೇ. ಬಾಗಿಲ ಆಚೆಯಿಂದ ಒಂದು ದನಿ ಬಂತು: “ಹೆದರ್ಬೇಡಿ ಮೇಡಂ, ಇದು ಹಳೇ ಲಿಫ್ಟು. ಬೀಳೋದಕ್ಕೂ ಸೋಮಾರಿತನ ಇದಕ್ಕೆ.” ನಕ್ಕುಬಿಟ್ಟೆ. ಮುಖ ಕಾಣುವ ಮೊದಲೇ ಆ ದನಿ ಇಷ್ಟವಾಗಿತ್ತು.

ದನಿ ಇಷ್ಟವಾಗುವುದು ಬೇರೆ, ಒಂದೇ ಮನೆಯಲ್ಲಿರುವುದು ಬೇರೆ. ನಾಲ್ಕು ತಿಂಗಳಿಂದ ನಾವಿಬ್ಬರೂ ಡಾಕ್ಟರ ಕೋಣೆಯ ಹೊರಗೆ ಕಾಯುವವರಷ್ಟು ಮರ್ಯಾದೆಯಿಂದ ಬದುಕುತ್ತಿದ್ದೇವೆ. “ನೀವು ಮೊದಲು ಸ್ನಾನಕ್ಕೆ ಹೋಗಿ.” “ಛೆ ಛೆ, ನೀವೇ ಹೋಗಿ.” ಅಷ್ಟರಲ್ಲಿ ಕಾದ ನೀರು ಆರಿರುತ್ತದೆ.

ದೋಣಿ ಅವರದು, ಅವರ ಮೊದಲ ಹೆಂಡತಿಯದು. ಆಕೆ ತೀರಿಹೋಗಿ ನಾಲ್ಕು ವರ್ಷ. ದೋಣಿಯ ಮೂತಿಯ ಮೇಲೆ ನೀಲಿ ಅಕ್ಷರದಲ್ಲಿ ಆಕೆಯ ಹೆಸರಿದೆ. ಬಣ್ಣ ಸಿಪ್ಪೆ ಎದ್ದಿದೆ. ನಾಲ್ಕು ವರ್ಷ ಶೆಡ್ಡಿನಲ್ಲಿ ಮಲಗಿದ್ದ ಇದನ್ನು ಈ ಸಲ ಎಬ್ಬಿಸಿ ನೀರಿಗಿಳಿಸಿದ್ದಾರೆ. ದ್ವೀಪದಿಂದ ದ್ವೀಪಕ್ಕೆ ಹೋಗುತ್ತಾ, ಬಂದರು ಸಿಕ್ಕಲ್ಲಿ ತಂಗುತ್ತಾ, ಕೊನೆಯ ದ್ವೀಪ ಮುಟ್ಟಬೇಕು. ಅಲ್ಲಿನ ಆಸ್ಪತ್ರೆಯಲ್ಲಿ ಅವರ ಮಗಳು ನರ್ಸು. ನಮ್ಮ ಮದುವೆಗೆ ಬರಲಿಲ್ಲ. ಡ್ಯೂಟಿ ಇತ್ತಂತೆ. ನಾವು ಬರುವ ವಿಚಾರವನ್ನು ಅವರು ಅಷ್ಟುದ್ದ ಬರೆದು ಕಳಿಸಿದರೆ ಅವಳಿಂದ ಬಂದ ಉತ್ತರ: “ಸರಿ.” ಆ ಕೊನೆಯ ಚುಕ್ಕಿಯನ್ನೂ ಮರೆಯದೆ ಇಟ್ಟಿದ್ದಾಳೆ. ಇಷ್ಟು ವರ್ಷ ಕೋರ್ಟಿನಲ್ಲಿ ಸ್ಟೆನೊ ಕೆಲಸ ಮಾಡಿದ್ದೇನೆ, ಒಂದು ಪೂರ್ಣವಿರಾಮಕ್ಕೆ ಹೆದರಿದ್ದು ಇದೇ ಮೊದಲು.

ನನಗೆ ಈಜು ಬರುವುದಿಲ್ಲ. “ಬಕೆಟ್ ನೀರು ಕಂಡ್ರೂ ಹಿಂದಕ್ಕೆ ಸರಿಯೋಳು ನೀನು. ಎಷ್ಟು ಪ್ರೀತಿನೇ ಇವನ ಮೇಲೆ!” ಎಂದು ಅಕ್ಕ ಫೋನಿನಲ್ಲಿ ರೇಗಿಸಿದಳು. ಪ್ರೀತಿಗೆ ಒಪ್ಪಿದ್ದಲ್ಲ. ಒಲ್ಲೆ ಎನ್ನುವುದಕ್ಕೆ ಸಂಕೋಚ, ಅಷ್ಟೆ.

ಮೇ 5, ಸೋಮವಾರ

ವಾಂತಿ. ಮಧ್ಯಾಹ್ನ ಮತ್ತೆ ವಾಂತಿ. ಅವರು ಬಕೆಟ್ ಹಿಡಿದು ಮುಖ ಆಚೆ ತಿರುಗಿಸಿ ನಿಂತಿದ್ದರು, ಅದೂ ಮರ್ಯಾದೆಗೆ. “ನಿಂಬೆಹಣ್ಣು ಮೂಸಿ ನೋಡ್ತೀರಾ ಮೇಡಂ?” ಎಂದರು. ನಿಂಬೆಹಣ್ಣು ಮೂಸಿ ಮತ್ತೆ ವಾಂತಿ.

ಮೇ 7, ಬುಧವಾರ

ಮೊದಲ ದ್ವೀಪ. ಕಾಲ ಕೆಳಗಿನ ನೆಲ ಅಲುಗದೆ ನಿಲ್ಲುವುದೂ ಒಂದು ಸೌಭಾಗ್ಯ ಎಂದು ತಿಳಿಯಿತು. ದೋಣಿ ಕಟ್ಟುವ ದಕ್ಕೆಯ ಕಲ್ಲು ಮೆಟ್ಟಿಲಿನ ಮೇಲೆ ಕೂತು ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದೆ. ಹೊಟ್ಟೆ ವಾಪಸು ಕಳಿಸಲಿಲ್ಲ.

ಚಂದದ ಬಂದರು. ಐಸ್ ಫ್ಯಾಕ್ಟರಿಯ ಮುಂದೆ ಒದ್ದೆ ಗೋಣಿಚೀಲಗಳು, ಬಾಗಿಲಿಗೆ ಅಡ್ಡವಾಗಿ ಒಣಹಾಕಿದ ಬಲೆ, ಅದರ ಮೇಲೆ ಯಜಮಾನನ ಹಾಗೆ ಮಲಗಿದ ಒಂದು ಬೆಕ್ಕು. ಬೀದಿಗಳೆಲ್ಲ ಮೆಟ್ಟಿಲುಗಳೇ. ಗಾಡಿ ಹೋಗುವಂತಿಲ್ಲ, ಹಾಗಾಗಿ ಗ್ಯಾಸ್ ಸಿಲಿಂಡರೂ ಹೆಗಲ ಮೇಲೆಯೇ ಏರುತ್ತದೆ.

ಡೀಸೆಲ್ ಅಂಗಡಿಯ ಹೆಂಗಸು ದೋಣಿಯ ಗುರುತು ಹಿಡಿದು ಓಡಿ ಬಂದಳು. “ಅಯ್ಯೋ, ಎಷ್ಟು ವರ್ಷ ಆಯ್ತು! ಅಕ್ಕ ಎಲ್ಲಿ, ಒಳಗಿದ್ದಾರಾ?” ಎಂದು ಬಗ್ಗಿ ನೋಡಿದಳು. ಒಳಗಿನಿಂದ ತಲೆ ಹೊರಹಾಕಿದವಳು ನಾನು.

“ಅವಳು ಹೋಗಿ ನಾಲ್ಕು ವರ್ಷ ಆಯ್ತಮ್ಮ,” ಎಂದರು ಅವರು. “ಇವರು ನನ್ನ ಮಿಸ್ಸಸ್.”

ಹೆಂಗಸು ಪೆಚ್ಚಾಗಿ, ಕೇಳದಿದ್ದರೂ ಒಂದು ಡಬ್ಬ ಕುಡಿಯುವ ನೀರು ತಂದುಕೊಟ್ಟಳು. ನಾನು ನಕ್ಕು ತೆಗೆದುಕೊಂಡೆ. ಆಮೇಲೆ ತರಕಾರಿ ತೊಳೆಯುತ್ತಾ ಯೋಚಿಸಿದೆ. ಹೋದವರು “ಅವಳು”, ಇದ್ದವಳು “ಇವರು”. ಮಾತು ಹಿಡಿಯುವ ಕೆಲಸದವಳಿಗೆ ಇಂಥದ್ದು ಕಿವಿಗೆ ಬೀಳಬಾರದು, ಬಿದ್ದರೆ ಏಳುವುದಿಲ್ಲ.

ಮೇ 9, ಶುಕ್ರವಾರ

ಇವತ್ತು ಚುಕ್ಕಾಣಿ ಹಿಡಿದೆ! ಬೇಡ ಬೇಡ ಎಂದರೂ ಕೊಟ್ಟರು. “ಸುಮ್ನೆ ಹಿಡ್ಕೊಳ್ಳಿ ಮೇಡಂ, ಮಗು ಕೈ ಹಿಡ್ಕೊಂಡ ಹಾಗೆ.” ಬಲಕ್ಕೆ ಹೋಗಬೇಕಾದರೆ ಅದನ್ನು ಎಡಕ್ಕೆ ತಳ್ಳಬೇಕು. ಇದೆಂಥ ತಲೆಕೆಳಗು ವ್ಯವಹಾರ ಎಂದು ಮೊದಲು ಅನ್ನಿಸಿತು. ಆಮೇಲೆ, ನಮ್ಮ ವಕೀಲರು ದಿನವೂ ಮಾಡುವುದು ಇದನ್ನೇ ಅಲ್ಲವೇ ಎಂದುಕೊಂಡೆ. ಕೂಡಲೇ ಕೈಗೆ ಹತ್ತಿತು.

ಸ್ವಲ್ಪ ಹೊತ್ತಿಗೆ ಗಾಳಿಗೆ ನನ್ನ ಹುಲ್ಲಿನ ಟೋಪಿ ಹಾರಿ ನೀರಿಗೆ ಬಿತ್ತು. ಹೋದರೆ ಹೋಗಲಿ ಎಂದೆ. ಅವರ ಕಣ್ಣು ಹೊಳೆಯಿತು. “ಇಲ್ಲ, ಇದು ಒಳ್ಳೇ ಪಾಠ. ಅದು ಟೋಪಿ ಅಲ್ಲ, ಮನುಷ್ಯ ಅಂದ್ಕೊಳ್ಳಿ. ಕಣ್ಣು ಅದರ ಮೇಲೇ ಇರಲಿ. ಹಾಯಿ ನೋಡ್ಬೇಡಿ, ನನ್ನ ನೋಡ್ಬೇಡಿ, ಅದನ್ನೇ ನೋಡಿ.” ಎಂಜಿನ್ ಹಾಕಿ, ದೊಡ್ಡ ಸುತ್ತು ಹೊಡೆದು, ಟೋಪಿಯ ಪಕ್ಕಕ್ಕೆ ಬಂದು ನಿಧಾನ ಮಾಡಬೇಕು. ಮೊದಲ ಸಲ ಟೋಪಿಯ ಮೇಲೆಯೇ ಹತ್ತಿಸಿದೆ. ಎರಡನೆಯ ಸಲ ಊರಾಚೆಯಿಂದ ಹಾದುಹೋದೆ. ಮೂರನೆಯ ಸಲ ಅವರು ಕೊಕ್ಕೆಕೋಲು ಚಾಚಿ ಅದನ್ನು ಎತ್ತಿ, ಒದ್ದೆಯಾದದ್ದನ್ನೇ ತಮ್ಮ ತಲೆಗೆ ಹಾಕಿಕೊಂಡರು. ನೀರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅವರೂ ನಕ್ಕರು. ನಗು ನಿಂತ ಮೇಲೆ ಇಬ್ಬರಿಗೂ ಯಾಕೋ ನಾಚಿಕೆಯಾಗಿ ಅವರು ಹಗ್ಗ ಸುತ್ತಲು ಹೋದರು, ನಾನು ಚಹಾ ಮಾಡಲು ಹೋದೆ.

ನಾನು ಬರೆಯುವುದನ್ನು ಸಂಜೆ ಇಣುಕಿ ನೋಡಿದರು. ಶಾರ್ಟ್‌ಹ್ಯಾಂಡಿನಲ್ಲಿ ಬರೆಯುತ್ತೇನಲ್ಲ, ಏನೂ ತಿಳಿಯಲಿಲ್ಲ. “ಕೋಳಿ ಕೆದಕಿದ ಹಾಗಿದೆ. ನನ್ನ ಬಗ್ಗೆ ಏನಾದ್ರೂ ಬರ್ದಿದ್ದೀರಾ?”

“ಟೋಪಿ ಬಗ್ಗೆ ಬರ್ದಿದ್ದೀನಿ,” ಎಂದೆ.

ಮೇ 11, ಭಾನುವಾರ

ಶಾರ್ಟ್‌ಹ್ಯಾಂಡಿನ ಗೆರೆ ಹೇಗೆ ಬಂದರೂ ಸರಿ, ಬರೆಯುತ್ತೇನೆ.

ಬೆಳಿಗ್ಗೆ ಎರಡನೆಯ ದ್ವೀಪ ಬಿಟ್ಟಾಗ ಕಡಲು ಎಣ್ಣೆ ಸವರಿದಂತಿತ್ತು. ಊಟದ ಹೊತ್ತಿಗೆ ಪಶ್ಚಿಮದಲ್ಲಿ ನೀರಿನ ಬಣ್ಣ ಬದಲಾಯಿತು. ಅವರು ಅದನ್ನು ನೋಡಿದ್ದೇ ತಟ್ಟೆ ಕೆಳಗಿಟ್ಟರು. “ಗಾಳಿ ಬರ್ತಿದೆ. ಹಾಯಿ ಇಳಿಸ್ತೀನಿ. ನೀವು ಚುಕ್ಕಾಣಿ ಹಿಡ್ಕೊಂಡು ಮೂತಿ ಗಾಳಿ ಕಡೆಗೇ ಇಟ್ಟಿರಿ.” ಎಂಜಿನ್ ಶುರುಮಾಡಿ, ನನ್ನ ಲೈಫ್ ಜಾಕೆಟ್ಟಿನ ಪಟ್ಟಿಯನ್ನೂ ತಮ್ಮದನ್ನೂ ಬಿಗಿದು ಮುಂದಕ್ಕೆ ಹೋದರು.

ಹಾಯಿ ಅರ್ಧ ಇಳಿದು ಸಿಕ್ಕಿಕೊಂಡಿತು. ಅವರು ಕಂಬ ತಬ್ಬಿಕೊಂಡು ಎಳೆಯುತ್ತಿದ್ದರು. ಅಷ್ಟರಲ್ಲಿ ಗಾಳಿ ಬಂತು. ಬಂತು ಅನ್ನುವುದಕ್ಕಿಂತ ಬಾಗಿಲು ಒದ್ದುಕೊಂಡು ಒಳಗೆ ನುಗ್ಗಿತು ಅನ್ನಬೇಕು. ದೋಣಿ ಒಂದು ಮಗ್ಗುಲಿಗೆ ವಾಲಿತು. ಅವರ ಪಕ್ಕೆ ಅಂಚಿನ ಕಂಬಿಗೆ ಬಡಿದ ಸದ್ದು ನನಗೆ ಎಂಜಿನ್ನಿನ ಸದ್ದಿನ ನಡುವೆಯೂ ಕೇಳಿಸಿತು. ಮರುಕ್ಷಣ ಅಲ್ಲಿ ಅವರಿರಲಿಲ್ಲ.

ಕಿತ್ತಳೆ ಬಣ್ಣದ ಜಾಕೆಟ್ ನನ್ನ ಪಕ್ಕದಿಂದಲೇ ಹಿಂದಕ್ಕೆ ತೇಲಿಹೋಯಿತು. ಅದರೊಳಗೆ ಅವನ ಮುಖ, ಬಾಯಿ ತೆರೆದಿತ್ತು. ನಾನು ಕಣ್ಣು ಕೀಳಲಿಲ್ಲ. ಅಲೆ ಎದ್ದಾಗ ಕಾಣದಾಗುತ್ತಿದ್ದ, ಇಳಿದಾಗ ಕಾಣುತ್ತಿದ್ದ. ಅರ್ಧ ಹಾಯಿ ತಲೆಯ ಮೇಲೆ ಪಟಪಟ ಬಡಿಯುತ್ತಿತ್ತು, ಅತ್ತ ನೋಡಲಿಲ್ಲ. ಚುಕ್ಕಾಣಿ ತಳ್ಳಿದೆ. ದೊಡ್ಡ ಸುತ್ತು. ದೋಣಿ ತಿರುಗುವುದಕ್ಕೆ ಒಂದು ಜನ್ಮ ಹಿಡಿಯಿತು. ನಾನು ಕೂಗುತ್ತಿದ್ದೆ. ಇಡೀ ಹೊತ್ತು ಕೂಗುತ್ತಲೇ ಇದ್ದೆ. ಮೊದಲ ಸುತ್ತಿನಲ್ಲಿ ಅವನಿಗೆ ಹಗ್ಗ ಎಟುಕಲಿಲ್ಲ. ಎರಡನೆಯ ಸಲ ಪಕ್ಕಕ್ಕೆ ಬಂದು, ಎಂಜಿನ್ನನ್ನು ನ್ಯೂಟ್ರಲ್‌ಗೆ ತಂದು, ಹಗ್ಗ ಎಸೆದೆ. ಹಿಡಿದ. ಏಣಿ ಇಳಿಬಿಟ್ಟೆ. ಒಂದೊಂದು ಮೆಟ್ಟಿಲಿಗೂ ನರಳುತ್ತಾ ಹತ್ತಿದ. ಕೊರಳಪಟ್ಟಿ ಹಿಡಿದು ಒಳಗೆ ಎಳೆದುಕೊಂಡೆ.

ಎಳೆದುಕೊಂಡು, ಕಪಾಳಕ್ಕೆ ಒಂದು ಕೊಟ್ಟೆ. ಯಾಕೆ ಕೊಟ್ಟೆನೋ ದೇವರಾಣೆ ಗೊತ್ತಿಲ್ಲ. ಆಮೇಲೆ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ.

ಅವನು ಕೆಮ್ಮುತ್ತಾ ನೀರು ಉಗುಳುತ್ತಾ ಮಲಗಿದ್ದ. ಸ್ವಲ್ಪ ಹೊತ್ತಾದ ಮೇಲೆ ಕಣ್ಣು ಬಿಟ್ಟು ಕೇಳಿದ: “ನೀನು ನನ್ನ ಏನಂತ ಬೈದೆ, ಗೊತ್ತಾ?”

“ಏನಂದೆ?”

“ಬೇಡ ಬಿಡು. ಬರೆಯೋ ಹಾಗಿಲ್ಲ.”

ನಿಜವಾಗಿಯೂ ನೆನಪಿಲ್ಲ. ಇಷ್ಟು ವರ್ಷ ಕಳ್ಳರು, ವಕೀಲರು, ಜಡ್ಜುಗಳು ಹೇಳಿದ್ದನ್ನೆಲ್ಲ ಒಂದಕ್ಷರ ಬಿಡದೆ ಬರೆದವಳಿಗೆ, ತಾನು ಹೇಳಿದ್ದು ಒಂದಕ್ಷರವೂ ನೆನಪಿಲ್ಲ.

ಗಾಳಿ ಬಂದಷ್ಟೇ ಬೇಗ ಹೋಯಿತು. ಮೂರನೆಯ ದ್ವೀಪದವರೆಗೂ ನಾನೇ ನಡೆಸಿದೆ. ಈಗ ಲಂಗರು ಹಾಕಿದ್ದೇವೆ. ಅದನ್ನೂ ನಾನೇ ಹಾಕಿದೆ. ಬಿಸಿಲು ಇನ್ನೂ ಇದೆ. ಅವನು ನನ್ನ ಟೋಪಿಯನ್ನು ಮುಖದ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದಾನೆ. ಗೊರಕೆಗೆ ಇಷ್ಟು ಖುಷಿಪಟ್ಟ ಹೆಂಗಸು ಲೋಕದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ.

ಮೇ 13, ಮಂಗಳವಾರ

ಪಕ್ಕೆ ನೋವು ಅವನಿಗೆ. ನಕ್ಕರೆ ಜಾಸ್ತಿ. ಹಾಗಾಗಿ ನಗಿಸುವುದೇ ನನ್ನ ಕೆಲಸವಾಗಿದೆ. ಭಾರ ಎತ್ತುವಂತಿಲ್ಲ, ಬಗ್ಗುವಂತಿಲ್ಲ. ಬಾಯಿಗೆ ಮಾತ್ರ ಏನೂ ಆಗಿಲ್ಲ. ಕೂತಲ್ಲಿಂದಲೇ “ಆ ಹಗ್ಗ ಹಾಗಲ್ಲ, ಹೀಗೆ ಕಟ್ಟು” ಎನ್ನುತ್ತಾನೆ. “ನೀನು ಸುಮ್ನೆ ಈರುಳ್ಳಿ ಹೆಚ್ಚು” ಎಂದು ಹಲಗೆ ಅವನ ತೊಡೆಯ ಮೇಲಿಟ್ಟೆ. ಈರುಳ್ಳಿಗೆ ಅತ್ತರೂ ಪಕ್ಕೆ ನೋಯುತ್ತದಂತೆ. ಡಾಕ್ಟರಿಗೆ ತೋರಿಸೋಣ ಎಂದರೆ, “ಮಗಳೇ ನೋಡ್ತಾಳೆ ಬಿಡು” ಎಂದು ಹಟ.

ಮಧ್ಯಾಹ್ನ ದಕ್ಕೆಯ ಕೊನೆಯ ಮೆಟ್ಟಿಲಲ್ಲಿ ಕುತ್ತಿಗೆಯವರೆಗೆ ನೀರಿಗಿಳಿದೆ. ಕಂಬಿ ಹಿಡಿದುಕೊಂಡೇ, ಆದರೂ ಇಳಿದೆ. ಕಾಲು ತಾನಾಗಿಯೇ ಮೇಲೆ ತೇಲಿತು. ಬೆರಳುಗಳನ್ನು ಆಡಿಸಿ ನೋಡಿದೆ, ನನ್ನವೇ.

ಮೇ 14, ಬುಧವಾರ

ಬೆಳಿಗ್ಗೆ ಬಣ್ಣದಂಗಡಿಯ ಮುಂದೆ ನಿಂತು ಅವನು ಗಂಟಲು ಸರಿಮಾಡಿಕೊಂಡ. “ಆ ಹೆಸರು ಒರೆಸಿ ನಿನ್ನ ಹೆಸರು ಬರೆಸೋಣ ಅಂತಿದ್ದೀನಿ. ನೀರಿಗೆ ಬಿದ್ದ ದಿನದಿಂದ ಹೇಳ್ಬೇಕು ಅಂತಿದ್ದೆ.”

ನನಗೆ ಆಸೆಯಾಗಲಿಲ್ಲವೆಂದರೆ ಸುಳ್ಳು. ಆದರೆ ಬಾಯಿಗೆ ಬಂದದ್ದು ಬೇರೆ. “ನಾನು ನಿನ್ನ ಹತ್ರ ತಿರುಗಿ ಬಂದಿದ್ದು ಯಾವ ದೋಣೀಲಿ? ಕೆಲಸ ಮಾಡಿದವಳ ಹೆಸರು ತೆಗೆದು, ಅಳುತ್ತಾ ಕೂಗಾಡಿದವಳ ಹೆಸರು ಹಾಕೋದು ಯಾವ ನ್ಯಾಯ?”

ಒಂದು ಡಬ್ಬ ನೀಲಿ, ಒಂದು ಬ್ರಷ್ ಕೊಂಡೆವು. ದಕ್ಕೆಯ ಮೆಟ್ಟಿಲಿಗೆ ದೋಣಿಯ ಮೂತಿ ಒರಗಿಸಿ, ನೀರಲ್ಲಿ ಕಾಲು ಇಳಿಬಿಟ್ಟು ಕೂತು, ಹಳೆಯ ಅಕ್ಷರದ ಗೆರೆಯ ಮೇಲೆಯೇ ತಿದ್ದಿದೆ. ಕೊನೆಯ ಅಕ್ಷರ ಡೊಂಕಾಗಿತ್ತು. ಡೊಂಕನ್ನೇ ತಿದ್ದಿದೆ. ಮೇಲೆ ಕೂತು ಅವನು ಮೊದಲ ಬಾರಿಗೆ ಅವಳ ವಿಷಯ ಹೇಳಿದ. ಭಾರೀ ಸಿಟ್ಟಿನವಳಂತೆ. ಒಮ್ಮೆ ಇವನು ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತೆಂದು ಪಾತ್ರೆ ಸಮೇತ ಕಡಲಿಗೆ ಎಸೆದಳಂತೆ. “ಕಡಲಿಗೇನೂ ಗೊತ್ತಾಗ್ಲಿಲ್ಲ,” ಎಂದ. ಇಬ್ಬರೂ ನಕ್ಕೆವು. ಅವನು ಅಯ್ಯೋ ಪಕ್ಕೆ ಎಂದ. ಇನ್ನಷ್ಟು ಹೇಳು ಎಂದೆ. ಸಂಜೆಯವರೆಗೂ ಹೇಳಿದ. ನನಗೆ ಅವಳು ಇಷ್ಟವಾದಳು.

ಮೇ 17, ಶನಿವಾರ

ಕೊನೆಯ ದ್ವೀಪ ಮುಟ್ಟಿದೆವು. ಮುಟ್ಟಿದೆವು ಎನ್ನುವುದು ಸರಿಯಾದ ಮಾತೇ, ಯಾಕೆಂದರೆ ದೋಣಿಯ ಮೂತಿ ನೇರ ದಕ್ಕೆಗೇ ಗುದ್ದಿತು.

ದೂರದಿಂದಲೇ ದಕ್ಕೆಯ ಮೇಲೆ ಮಗಳು ಕಂಡಿದ್ದಳು. ನರ್ಸಿನ ಸಮವಸ್ತ್ರ, ಕಟ್ಟಿದ ಕೈ, ಅಪ್ಪನದೇ ನಿಲುವು. ಏನು ಹೇಳಬೇಕು ಎಂದು ಮೂರು ದಿನದಿಂದ ಮನಸ್ಸಿನಲ್ಲೇ ಟೈಪು ಮಾಡಿಕೊಂಡಿದ್ದೆ. ಆ ಯೋಚನೆಯಲ್ಲಿ ನಿಧಾನ ಮಾಡುವುದೇ ಮರೆತೆ.

“ರಿವರ್ಸ್! ರಿವರ್ಸ್ ಹಾಕಿ!” ಎಂದು ಕಿರುಚುತ್ತಾ ಓಡಿ ಬಂದಳು. ಅವಳು ನನ್ನೊಡನೆ ಆಡಿದ ಮೊದಲ ಮಾತು ಅದು. ಇವನು ಹಳೇ ಟೈರೊಂದನ್ನು ಅಡ್ಡ ಹಿಡಿದಿದ್ದ, ಅದರಿಂದ ಮರ ಒಡೆಯಲಿಲ್ಲ. ನಾನೆಸೆದ ಹಗ್ಗ ಅವಳ ಮುಖಕ್ಕೇ ಬಡಿಯಿತು. ಅದನ್ನು ಹಿಡಿದು ಗೂಟಕ್ಕೆ ಎರಡು ಸುತ್ತು ಸುತ್ತಿ ಬಿಗಿದು, “ಅಪ್ಪಾ, ಯಾಕೆ ಹೀಗೆ ಬಾಗಿ ಕೂತಿದ್ದೀಯ?” ಎಂದಳು. ಹೇಳುತ್ತಿದ್ದಂತೆಯೇ ಅವಳ ಕಣ್ಣು ಕೆಳಗೆ, ಹೆಸರಿನ ಮೇಲೆ ಹೋಯಿತು.

ದಕ್ಕೆಯ ಮೇಲೆ ಮಂಡಿಯೂರಿ ಕೂತಳು.

“ಯಾರು ಬರೆದಿದ್ದು?”

“ನಾನು,” ಎಂದೆ.

“ಕೊನೇ ಅಕ್ಷರ ಡೊಂಕು.”

“ಹೌದು.”

“ಆ ಡೊಂಕು ನಂದು. ಏಳನೇ ಕ್ಲಾಸಲ್ಲಿ ನಾನೇ ಬರೆದಿದ್ದೆ, ಅಮ್ಮ ಕಾಲು ಹಿಡ್ಕೊಂಡಿದ್ಲು ಬೀಳ್ದೇ ಇರ್ಲಿ ಅಂತ.” ಬೆರಳಿನಿಂದ ಆ ಅಕ್ಷರ ಸವರಿದಳು. “ನೀವು ಯಾಕೆ ಸರಿ ಮಾಡ್ಲಿಲ್ಲ?”

ಟೈಪು ಮಾಡಿಟ್ಟುಕೊಂಡ ಮಾತು ಒಂದೂ ಬರಲಿಲ್ಲ. “ಇದ್ದಿದ್ದನ್ನ ಇದ್ದ ಹಾಗೇ ಬರೆಯೋದು ನನ್ನ ಕೆಲಸ ಕಣಮ್ಮ,” ಎಂದೆ.

ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಮೂಗಿನ ಮೇಲೆ ಹಗ್ಗ ಬಡಿದ ಕೆಂಪು ಗೆರೆ. ಕಣ್ಣಲ್ಲಿ ನೀರು, ಅದು ಹಗ್ಗದ್ದೋ ಅಕ್ಷರದ್ದೋ ನಾನು ಕೇಳಲಿಲ್ಲ. “ಚಹಾ ಇದೆಯಾ ಒಳಗೆ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಕೆಳಗಿಳಿದು ಬಂದಳು. ಚಾವಣಿಗೆ ಅವಳ ತಲೆಯೂ ಬಡಿಯಿತು.

ಮೇ 18, ಭಾನುವಾರ

ಆಸ್ಪತ್ರೆಯ ಉದ್ದದ ಹಜಾರ, ಫಿನಾಯಿಲ್ ವಾಸನೆ, ಎಕ್ಸ್‌ರೇ ಕೋಣೆಯ ಹೊರಗೆ ನಾನೂ ಅವಳೂ. ಪಕ್ಕೆಯ ಮೂಳೆ ಬಿರುಕು ಬಿಟ್ಟಿದೆ. ತಾನಾಗೇ ಕೂಡುತ್ತದೆ, ಆದರೆ ಒಂದಷ್ಟು ವಾರ ದೋಣಿಯ ಕೆಲಸ ಮುಟ್ಟುವಂತಿಲ್ಲ.

ಕಾಯುವಾಗ ಅವಳು ನೆಲ ನೋಡುತ್ತಾ ಹೇಳಿದಳು: “ಮದುವೆ ದಿನ ಡ್ಯೂಟಿ ಇರ್ಲಿಲ್ಲ. ಬರೋಕೆ ಆಗ್ಲಿಲ್ಲ, ಅಷ್ಟೆ.”

“ಗೊತ್ತು.”

“ಹೇಗೆ ಗೊತ್ತು?”

“ಮೊನ್ನೆ ಮೆಸೇಜಲ್ಲಿ ‘ಸರಿ’ ಅಂದು ಚುಕ್ಕಿ ಇಟ್ಟಿದ್ದೆಯಲ್ಲ.”

ಅವಳು ಥಟ್ಟನೆ ನಕ್ಕಳು. ಅಪ್ಪನ ಹಾಗೆಯೇ, ಮೊದಲು ಹೆಗಲು ಕುಣಿದು ಆಮೇಲೆ ಸದ್ದು ಬರುವ ನಗು. ಎದುರಿನ ಬೆಂಚಿನವರು ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದಳು, “ಅಪ್ಪ ಬಿದ್ದಾಗ ನೀವು ಒಬ್ರೇನಾ ದೋಣಿ ತಿರುಗಿಸಿದ್ದು? ನಿಜ ಹೇಳಿ.” ಹೇಳಿದೆ. ಮಧ್ಯೆ ಎಲ್ಲೋ ಅವಳು ನನ್ನ ಕೈ ಹಿಡಿದುಕೊಂಡಳು. ಇವನು ಪಟ್ಟಿ ಸುತ್ತಿಸಿಕೊಂಡು ಹೊರಗೆ ಬಂದಾಗ ಬಿಟ್ಟಳು.

“ದೋಣಿ ಇಲ್ಲೇ ಬಿಟ್ಟು ಸ್ಟೀಮರಲ್ಲಿ ಹೋಗೋಣ,” ಎಂದ ಇವನು, ಮುಖ ಸಪ್ಪೆ ಮಾಡಿಕೊಂಡು. “ಇವಳೊಬ್ಬಳ ಕೈಲಿ ಅಷ್ಟು ದೂರ ಆಗಲ್ಲ.”

“ಒಬ್ರೇ ಯಾಕೆ?” ಎಂದಳು ಮಗಳು. “ನಂಗೆ ಎರಡು ವರ್ಷದ ರಜೆ ಬಾಕಿ ಇದೆ. ಹಾಯಿ ನಾನು ನೋಡ್ಕೋತೀನಿ, ಚುಕ್ಕಾಣಿ ಇವರು. ದಕ್ಕೆ ಹತ್ರ ಬಂದಾಗ ಮಾತ್ರ ನಂಗೆ ಕೊಡ್ಲಿ.”

“ಮತ್ತೆ ನಾನು?”

“ನೀನು ಈರುಳ್ಳಿ ಹೆಚ್ಚು,” ಎಂದೆವು. ಇಬ್ಬರೂ ಒಟ್ಟಿಗೆ ಹೇಳಿದೆವು. ಇವನು ಪಕ್ಕೆ ಹಿಡಿದುಕೊಂಡು ಗೋಡೆಗೆ ಒರಗಿ ನಕ್ಕ ರೀತಿಗೆ ಒಳಗಿಂದ ಡಾಕ್ಟರೇ ಎದ್ದು ಬಂದರು.

ಮೇ 20, ಮಂಗಳವಾರ

ಹೊರಡುವ ಬೆಳಿಗ್ಗೆ. ನೀರು ತುಂಬಿಸಿದೆ, ಡೀಸೆಲ್ ತುಂಬಿಸಿದೆ, ಟೊಮೆಟೊ, ಆಲೂಗೆಡ್ಡೆ, ಮೊಟ್ಟೆ ಎಲ್ಲಾ ಒಳಗೆ ಸೇರಿಸಿದೆ. ಗಾಳಿ ಉತ್ತರದ್ದು, ಹಗುರ. ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ತಿರುಗಬಹುದು. ಕಡಲಿನ ಇಳಿತ ಶುರುವಾಗುವ ಮೊದಲು ಬಂದರಿನ ಬಾಯಿ ದಾಟಿಬಿಡಬೇಕು. ಅಕ್ಕ ಫೋನ್ ಮಾಡಿ, “ವಾಪಸು ಯಾವಾಗ, ಸಾಕಾಗಿಲ್ವೇನೇ?” ಎಂದಳು. ಈಗ ಮಾತಾಡಲು ಆಗುವುದಿಲ್ಲ, ಗಾಳಿ ಚೆನ್ನಾಗಿದೆ ಎಂದು ಇಟ್ಟುಬಿಟ್ಟೆ. ಪಾಪ, ಏನಂದುಕೊಂಡಳೋ.

ಮಲಗುವ ಜಾಗ ಎರಡೇ ಇದ್ದದ್ದು. ಮಗಳು ಒಂದರಲ್ಲಿ ಸಾಮಾನು ಹರಡಿ, “ನೀವಿಬ್ರೂ ಹೇಗೋ ಅಡ್ಜಸ್ಟ್ ಮಾಡ್ಕೊಳ್ಳಿ” ಎಂದು ಹೇಳಿ ಮೇಲೆ ಹೋದಳು. ಇವನ ಕಿವಿ ಕೆಂಪಗಾಯಿತು. ನನ್ನದು ಹೇಗಿತ್ತೋ, ಇಲ್ಲಿ ಕನ್ನಡಿ ಇಲ್ಲ.

ಮೇಲಿಂದ ಇಬ್ಬರೂ ನನ್ನನ್ನೇ ಕರೆಯುತ್ತಿದ್ದಾರೆ. ಒಬ್ಬನು ಹಗ್ಗ ಬಿಚ್ಚು ಎನ್ನುತ್ತಾನೆ, ಒಬ್ಬಳು ಈಗಲೇ ಬಿಚ್ಚಬೇಡಿ ಎನ್ನುತ್ತಾಳೆ. ಹೋಗಿ ನೋಡಿ ನಾನೇ ತೀರ್ಮಾನ ಮಾಡಬೇಕು.